ಬಳಕೆದಾರರ ಮಾಹಿತಿಗೆ ಯಾವ ತಂತ್ರಾಂಶ? ಮೊದಲು ಪ್ಯಾಕೆಟ್ಟಿನ ಫೋಟೋ, ಆಮೇಲೆ ಆಪ್

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮದೊಂದು ಚಿಕ್ಕ ಬಳಕೆದಾರರ ವೇದಿಕೆ ಇದೆ. ಎಲ್ಲರೂ ಬಿಡುವು ಮಾಡಿಕೊಂಡು ಬರುವವರು. ನಿವೃತ್ತ ಮೇಷ್ಟ್ರು, ಇಬ್ಬರು ವಕೀಲರು, ಒಂದಿಷ್ಟು ಕಾಲೇಜು ಹುಡುಗ ಹುಡುಗಿಯರು. ಬಿಸ್ಕತ್ತು, ಕುರುಕಲು ತಿಂಡಿ, ಅಡುಗೆ ಎಣ್ಣೆ, ಮಕ್ಕಳ ಪಾನೀಯದ ಪುಡಿ, ಇವುಗಳ ಪ್ಯಾಕೆಟ್ ಮೇಲೆ ಏನು ಬರೆದಿದೆ, ಅದರ ಅರ್ಥವೇನು, ಬೆಲೆ ಮತ್ತು ತೂಕ ಹೇಗೆ ಬದಲಾಗುತ್ತಿದೆ ಎನ್ನುವುದನ್ನು ಕನ್ನಡದಲ್ಲಿ ಜನರಿಗೆ ಕೊಡಬೇಕು ಅಂತ ಆಸೆ. ಒಬ್ಬರು ಆಪ್ ಮಾಡಿಕೊಡಲು ಕೆಲವು ಲಕ್ಷ ಕೇಳಿದ್ದಾರೆ. ಇನ್ನೊಬ್ಬರು ಎಕ್ಸೆಲ್ ಸಾಕು ಅನ್ನುತ್ತಾರೆ. ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಮುಕ್ತ ತಂತ್ರಾಂಶದಲ್ಲೇ ಮಾಡಬೇಕು ಎನ್ನುವುದು ನಮ್ಮ ಹಠ. ಯಾವುದನ್ನು ಆರಿಸಿಕೊಳ್ಳಲಿ? ಜನರ ದೂರುಗಳನ್ನೂ ಅದರಲ್ಲೇ ತೆಗೆದುಕೊಳ್ಳಬಹುದಾ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಆಪ್ ಈಗ ಬೇಡ. ಪ್ಯಾಕೆಟ್ ಮೇಲಿನ ಮಾಹಿತಿಯನ್ನು ನಿಮ್ಮದೇ ಹೊಸ ಕಣಜ (ಡೇಟಾಬೇಸ್) ಕಟ್ಟಿ ತುಂಬಬೇಡಿ, ಓಪನ್ ಫುಡ್ ಫ್ಯಾಕ್ಟ್ಸ್ ಎಂಬ ಸಾರ್ವಜನಿಕ ಕಣಜಕ್ಕೇ ಹಾಕಿ. ಬೆಲೆ, ತೂಕ, ಅಂಗಡಿ ಇವುಗಳ ದಾಖಲೆಯನ್ನು ನೀವು ಇಟ್ಟುಕೊಳ್ಳಿ, ಅದಕ್ಕೆ ಫೋನಿನಲ್ಲಿ ಫಾರ್ಮ್ ತುಂಬಲು ಕೋಬೋ ಟೂಲ್‌ಬಾಕ್ಸ್, ತುಂಬಿದ್ದನ್ನು ಇಡಲು ಎಸ್‌ಕ್ಯೂಲೈಟ್ ಎಂಬ ತಂತ್ರಾಂಶ ಧಾರಾಳವಾಗಿ ಸಾಕು. ದೂರುಗಳನ್ನು ಇದರ ಹತ್ತಿರಕ್ಕೂ ತರಬೇಡಿ. ಯಾಕೆ ಅಂತ ಒಂದೊಂದಾಗಿ ಬರೆಯುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ನಿಮ್ಮ ಕೆಲಸದ ಬೆಲೆ ಎಲ್ಲಿದೆ ನೋಡಿ. ನಮ್ಮ ಆಹಾರ ಲೇಬಲ್ ನಿಯಮದ ಪ್ರಕಾರ ಪ್ಯಾಕೆಟ್ ಮೇಲಿನ ವಿವರ ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಹಿಂದಿಯಲ್ಲಿ ಇರಲೇಬೇಕು. ಬೇರೆ ಭಾಷೆ ಹಾಕುವುದು ಕಂಪನಿಯ ಇಷ್ಟ. ಹಾಗಾಗಿ ಹರಿಹರದಲ್ಲೋ ಜಗಳೂರಿನಲ್ಲೋ ಮಗುವಿಗೆ ಬಿಸ್ಕತ್ತು ಕೊಳ್ಳುವ ತಾಯಿಗೆ ಕನ್ನಡ ಚೆನ್ನಾಗಿ ಓದಲು ಬಂದರೂ, ಹಿಂಬದಿಯ ಆ ಸಣ್ಣ ಅಕ್ಷರ ಅವಳಿಗೆ ಸಂಬಂಧವೇ ಇಲ್ಲದ ವಸ್ತು ಆಗಿಬಿಡುತ್ತದೆ. ಈ ಕೊರತೆಯನ್ನು ತುಂಬುವವರು ನೀವು. ಅದಕ್ಕೆ ಬೇಕಾಗಿರುವುದು ಸರಿಯಾದ ಮಾಹಿತಿ ಮತ್ತು ಒಳ್ಳೆಯ ಕನ್ನಡ ವಿವರಣೆ. ಎರಡನ್ನೂ ಯಾವ ತಂತ್ರಾಂಶವೂ ತಾನಾಗಿ ಮಾಡಿಕೊಡುವುದಿಲ್ಲ. ದುಡ್ಡು, ಸಮಯ, ಹುರುಪು ಎಲ್ಲ ಆಪ್ ಕಟ್ಟುವುದಕ್ಕೇ ಖರ್ಚಾಗಿ ಒಳಗೆ ಹಾಕಲು ನಲವತ್ತು ವಸ್ತುವೂ ಇಲ್ಲದ ಯೋಜನೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಈಗ ಓಪನ್ ಫುಡ್ ಫ್ಯಾಕ್ಟ್ಸ್ ವಿಷಯ. 2012ರಲ್ಲಿ ಫ್ರಾನ್ಸಿನಲ್ಲಿ ಸ್ಟೆಫಾನ್ ಜಿಗಾಂಡೆ ಎನ್ನುವವರು ಶುರು ಮಾಡಿದ್ದು. ಈಗ ಲಾಭಕ್ಕಲ್ಲದ ಸಂಘವೊಂದು ನಡೆಸುತ್ತದೆ, 30 ಲಕ್ಷಕ್ಕೂ ಜಾಸ್ತಿ ವಸ್ತುಗಳಿವೆ. ಕೆಲಸ ನಡೆಯುವುದು ಹೀಗೆ: ಫೋನಿನಲ್ಲಿ ಬಾರ್‌ಕೋಡ್ ಹಿಡಿಯುತ್ತೀರಿ, ಪ್ಯಾಕೆಟ್ಟಿನ ಮುಂಭಾಗ, ಪದಾರ್ಥಗಳ ಪಟ್ಟಿ, ಪೋಷಕಾಂಶದ ಕೋಷ್ಟಕ ಇವುಗಳ ಫೋಟೋ ತೆಗೆಯುತ್ತೀರಿ, ಆಮೇಲೆ ಅಕ್ಷರ ಮತ್ತು ಅಂಕಿ ತುಂಬುತ್ತೀರಿ. ತುಂಬಿದ್ದನ್ನು ಯಾರು ಬೇಕಾದರೂ ಫೋಟೋ ನೋಡಿ ತಿದ್ದಬಹುದು, ಯಾರು ಯಾವಾಗ ಏನು ಬದಲಾಯಿಸಿದರು ಎಂಬ ಇತಿಹಾಸ ಉಳಿಯುತ್ತದೆ. ಇದನ್ನು ನಡೆಸುವ ತಂತ್ರಾಂಶ ಎಜಿಪಿಎಲ್ ಎಂಬ ಮುಕ್ತ ತಂತ್ರಾಂಶದ ಪರವಾನಗಿಯಲ್ಲಿದೆ, ಮಾಹಿತಿ ಓಡಿಬಿಎಲ್ ಎಂಬ ಮುಕ್ತ ಮಾಹಿತಿಯ ಪರವಾನಗಿಯಲ್ಲಿದೆ, ಇಡೀ ಕಣಜವನ್ನು ಫೈಲಾಗಿ ಇಳಿಸಿಕೊಳ್ಳಬಹುದು. ನಾಳೆ ಆ ಸಂಘವೇ ಮುಚ್ಚಿದರೂ ನೀವು ಹಾಕಿದ್ದು ನಿಮ್ಮ ಕೈಯಲ್ಲೇ ಇರುತ್ತದೆ.

ಇದರಿಂದ ಏನಾಗುತ್ತದೆ ಎನ್ನುವುದಕ್ಕೆ ಒಂದು ನಿಜವಾದ ಉದಾಹರಣೆ ಇದೆ. ಪ್ಯಾಕೆಟ್ ಮುಂದೆ ಎ ಇಂದ ಇ ತನಕ ಬಣ್ಣದ ಅಕ್ಷರ ಹಾಕುವ ನ್ಯೂಟ್ರಿ-ಸ್ಕೋರ್ ಪದ್ಧತಿಯನ್ನು ಫ್ರಾನ್ಸ್ ಸರ್ಕಾರ 2017ರಲ್ಲಿ ಒಪ್ಪಿಕೊಂಡಿತು. ಅದಕ್ಕೂ ಮುಂಚೆಯೇ ಈ ಸ್ವಯಂಸೇವಕರು ತಮ್ಮ ಹತ್ತಿರ ಇದ್ದ ವಸ್ತುಗಳಿಗೆಲ್ಲ ಅದೇ ಲೆಕ್ಕ ಹಾಕಿ ಜನರಿಗೆ ತೋರಿಸಿದ್ದರು. ಕಂಪನಿ ಹಾಕಲಿ ಬಿಡಲಿ, ಜನರ ಫೋನಿನಲ್ಲಿ ಆ ಅಕ್ಷರ ಬಂದಾಗಿತ್ತು. ಮಾಹಿತಿ ಒಂದು ಖಾಸಗಿ ಆಪ್ ಒಳಗೆ ಬೀಗ ಹಾಕಿಕೊಂಡು ಕೂತಿದ್ದರೆ ಇದು ಆಗುತ್ತಿರಲಿಲ್ಲ.

ಭಾರತದ ವಸ್ತುಗಳು ಅಲ್ಲಿ ಫ್ರಾನ್ಸಿನವಕ್ಕಿಂತ ತುಂಬಾ ಕಡಿಮೆ. ಇರುವವುಗಳಲ್ಲೂ ಕೆಲವು ಅರ್ಧಂಬರ್ಧ: ಮುಂಭಾಗದ ಫೋಟೋ ಇರುತ್ತದೆ, ಹಿಂಬದಿಯದ್ದು ಇರುವುದಿಲ್ಲ. ಕನ್ನಡ ಅಂತೂ ಇನ್ನೂ ಕಡಿಮೆ. ಇದನ್ನು ನೋಡಿ "ಹಾಗಾದರೆ ನಮ್ಮದೇ ಮಾಡೋಣ" ಅನ್ನಿಸುವುದು ಸಹಜ, ಆದರೆ ಉಲ್ಟಾ ಯೋಚನೆ ಮಾಡಿ. ಅಲ್ಲಿ ಪದಾರ್ಥಗಳಿಗೆ, ವಸ್ತುಗಳ ಬಗೆಗಳಿಗೆ ಒಂದು ದೊಡ್ಡ ಬಹುಭಾಷಾ ಪದಪಟ್ಟಿ ಇದೆ. ಇಂಗ್ಲಿಷಿನ "ಪಾಮ್ ಆಯಿಲ್" ಎದುರು ಕನ್ನಡದಲ್ಲಿ "ತಾಳೆ ಎಣ್ಣೆ, ಪಾಮ್ ಎಣ್ಣೆ" ಎಂದು ಒಂದು ಸಾಲು ಸೇರಿಸಿದರೆ ಸಾಕು, ಅದು ಆ ಎಣ್ಣೆ ಇರುವ ಪ್ರತಿ ಬಿಸ್ಕತ್ತು, ಪ್ರತಿ ಚಿಪ್ಸಿಗೂ ತಾನಾಗಿ ಅನ್ವಯ ಆಗುತ್ತದೆ. ನಿಮ್ಮ ಮೇಷ್ಟ್ರು ಕೂತು ಇನ್ನೂರು ಮುನ್ನೂರು ಪದಾರ್ಥಗಳ ಕನ್ನಡ ಹೆಸರು ಹಾಕಿಕೊಟ್ಟರೆ ಅದು ಕರ್ನಾಟಕಕ್ಕೆಲ್ಲ ಆದ ಕೆಲಸ. ರುಚಿ, ಬಾಳಿಕೆಗೆಂದು ಸೇರಿಸುವ ಪದಾರ್ಥಗಳಿಗೆ ಸಂಕೇತ ಸಂಖ್ಯೆ ಇರುತ್ತದೆ. ಯುರೋಪಿನ ಲೇಬಲ್ಲುಗಳಲ್ಲಿ ಇ 322 ಅಂತ ಇರುವುದು ನಮ್ಮಲ್ಲಿ ಐಎನ್‌ಎಸ್ 322 ಅಂತ ಇರುತ್ತದೆ, ಎರಡೂ ಲೆಸಿಥಿನ್ನೇ. 330 ಸಿಟ್ರಿಕ್ ಆಮ್ಲ, 211 ಸೋಡಿಯಂ ಬೆಂಜೊಯೇಟ್, 621 ನಮ್ಮ ಜನ ಟೇಸ್ಟಿಂಗ್ ಪೌಡರ್ ಅನ್ನುವ ಮೊನೊಸೋಡಿಯಂ ಗ್ಲುಟಮೇಟ್. ಸಂಖ್ಯೆ ಒಂದೇ ಆಗಿರುವುದರಿಂದ ಅಲ್ಲಿ ಆಗಲೇ ಆಗಿರುವ ಕೆಲಸ ನಮಗೂ ದಕ್ಕುತ್ತದೆ.

ಒಂದು ಎಚ್ಚರಿಕೆ. ಅಂಕ ಕೊಡುವ ಕೆಲಸಕ್ಕೆ ಈಗಲೇ ಕೈ ಹಾಕಬೇಡಿ. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ, 2022ರಲ್ಲಿ ನಕ್ಷತ್ರದ ಅಂಕ ಕೊಡುವ ಕರಡು ತಂದಾಗ ಎಷ್ಟು ಜಗಳ ಆಯಿತು ನೆನಪಿದೆಯಲ್ವಾ? ಯಾವ ಲೆಕ್ಕ ಸರಿ ಎನ್ನುವುದು ಪರಿಣಿತರ ನಡುವೆಯೇ ತೀರ್ಮಾನ ಆಗಿಲ್ಲ. ನೀವು "100 ಗ್ರಾಮಿಗೆ ಸೇರಿಸಿದ ಸಕ್ಕರೆ ಇಷ್ಟು" ಎಂದು ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಹೇಳಿ. ಜನರಿಗೆ ಅದು ತಿಳಿಯುತ್ತದೆ.

ಈಗ ಎಕ್ಸೆಲ್ ವಿಷಯಕ್ಕೆ ಬರೋಣ. ಒಂದು ಪ್ಯಾಕೆಟ್ಟನ್ನು ಕೈಯಲ್ಲಿ ಹಿಡಿದು ನೋಡಿದರೆ ಎಲ್ಲಾ ಸಮಸ್ಯೆ ಅಲ್ಲೇ ಕಾಣುತ್ತದೆ.

ಬಾರ್‌ಕೋಡ್ 13 ಅಂಕಿ. ಮೊದಲಿಗೆ 890 ಇದ್ದರೆ ಭಾರತದಲ್ಲಿ ತಯಾರಾಗಿದ್ದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ, ಹಾಗಲ್ಲ. ಆ ಸಂಖ್ಯೆಯನ್ನು ಕಂಪನಿಗೆ ಕೊಟ್ಟಿದ್ದು ಬಾರ್‌ಕೋಡ್ ಸಂಖ್ಯೆ ಹಂಚುವ ಜಿಎಸ್1 ಇಂಡಿಯಾ ಸಂಸ್ಥೆ ಅಂತ ಮಾತ್ರ ಅದರ ಅರ್ಥ. ಈ 13 ಅಂಕಿಯನ್ನು ಎಕ್ಸೆಲ್ಲಿನ ಸಾದಾ ಮನೆಯಲ್ಲಿ ಟೈಪ್ ಮಾಡಿ ನೋಡಿ. 8.90123 ಎಂದು ಬಂದು, ಮುಂದೆ ಇಂಗ್ಲಿಷಿನ ಇ ಅಕ್ಷರ, ಆಮೇಲೆ +12 ಅಂತ ತೋರಿಸುತ್ತದೆ. ಅದನ್ನು ಹಾಗೇ ಸಿಎಸ್‌ವಿ ಎಂಬ ಸಾದಾ ಪಠ್ಯದ ಫೈಲಾಗಿ ಉಳಿಸಿದರೆ ಕೊನೆಯ ಅಂಕಿಗಳು ಹೋದವು, ವಾಪಸ್ ಬರುವುದಿಲ್ಲ. ಸೊನ್ನೆಯಿಂದ ಶುರುವಾಗುವ ವಿದೇಶಿ ಕೋಡ್ ಆದರೆ ಮುಂದಿನ ಸೊನ್ನೆಯೇ ಮಾಯ. ಅದಕ್ಕೇ ಬಾರ್‌ಕೋಡನ್ನು ಯಾವತ್ತೂ ಸಂಖ್ಯೆ ಎಂದು ಇಡಬಾರದು, ಪಠ್ಯ ಎಂದೇ ಇಡಬೇಕು. ಎಕ್ಸೆಲ್ಲಿಗೆ ಬದಲಿಯಾದ ಮುಕ್ತ ತಂತ್ರಾಂಶ ಲಿಬ್ರೆ ಆಫೀಸಿನಲ್ಲೂ ಇದೇ ಎಚ್ಚರಿಕೆ ಬೇಕು.

ಕೊನೆಯ ಅಂಕಿ ಪರೀಕ್ಷೆಯ ಅಂಕಿ. 8901234567890 ತೆಗೆದುಕೊಳ್ಳಿ. ಎಡದಿಂದ ಮೊದಲ 12ರಲ್ಲಿ ಬೆಸ ಸ್ಥಾನದವನ್ನು ಕೂಡಿ: 8, 0, 2, 4, 6, 8, ಒಟ್ಟು 28. ಸಮ ಸ್ಥಾನದವು 9, 1, 3, 5, 7, 9, ಒಟ್ಟು 34, ಅದರ ಮೂರರಷ್ಟು 102. ಎರಡೂ ಸೇರಿ 130. ಮುಂದಿನ ಹತ್ತಕ್ಕೆ ಮುಟ್ಟಿಸಲು ಏನೂ ಬೇಡ, ಹಾಗಾಗಿ ಕೊನೆಯ ಅಂಕಿ ಸೊನ್ನೆ. ಲೆಕ್ಕ ಸರಿ ಬಂತು. ಆದರೆ ಈ ಸಂಖ್ಯೆ ಯಾರೋ ಸುಮ್ನೆ ಸಾಲಾಗಿ ಒತ್ತಿದ್ದು! ಅಂದರೆ ಈ ಪರೀಕ್ಷೆ ಟೈಪಿಂಗ್ ತಪ್ಪನ್ನು ಹಿಡಿಯುತ್ತದೆ, ಸುಳ್ಳು ದಾಖಲೆಯನ್ನು ಹಿಡಿಯುವುದಿಲ್ಲ. ಸುಳ್ಳನ್ನು ಹಿಡಿಯುವುದು ಫೋಟೋ ಮಾತ್ರ. ಫೋಟೋ ಇಲ್ಲದ ಸಾಲನ್ನು ಒಳಗೆ ಬಿಡಬೇಡಿ, ಯಾರೇ ತಂದಿರಲಿ.

ಆಮೇಲೆ ಎಫ್‌ಎಸ್‌ಎಸ್‌ಎಐ ನಂಬರು, 14 ಅಂಕಿ. ಮೊದಲ ಅಂಕಿ 1 ಆದರೆ ಲೈಸೆನ್ಸು, 2 ಆದರೆ ಚಿಕ್ಕ ವ್ಯಾಪಾರಿಯ ನೋಂದಣಿ. ಮುಂದಿನ ಎರಡು ರಾಜ್ಯದ್ದು, ಕರ್ನಾಟಕಕ್ಕೆ 12. ಅದರ ಮುಂದಿನ ಎರಡು ವರ್ಷದ್ದು. ಇಲ್ಲಿ ಗಮನಿಸಬೇಕಾದ್ದು ಏನೆಂದರೆ, ಒಂದೇ ಬಿಸ್ಕತ್ತನ್ನು ಬೇರೆ ಬೇರೆ ಊರಿನ ಕಾರ್ಖಾನೆಗಳಲ್ಲಿ ಮಾಡಿಸುತ್ತಾರೆ, ಹಾಗಾಗಿ ಒಂದು ಬಾರ್‌ಕೋಡಿಗೆ ನಾಲ್ಕೈದು ಲೈಸೆನ್ಸ್ ನಂಬರ್ ಇರಬಹುದು. ಎಕ್ಸೆಲ್ ಹಾಳೆಯಲ್ಲಿ ಒಂದು ವಸ್ತುವಿಗೆ ಒಂದು ಸಾಲು ಅಂತ ಮಾಡಿಕೊಂಡಿದ್ದರೆ ಇದನ್ನು ಎಲ್ಲಿ ಹಾಕುತ್ತೀರಿ? ಒಂದೇ ಮನೆಯಲ್ಲಿ ಅಲ್ಪವಿರಾಮ ಹಾಕಿ ತುರುಕುತ್ತೀರಿ, ಆರು ತಿಂಗಳಾದ ಮೇಲೆ ಯಾವ ನಂಬರು ಯಾವ ದಿನ ಎಲ್ಲಿ ಕಂಡದ್ದು ಅಂತ ಯಾರಿಗೂ ಗೊತ್ತಿರುವುದಿಲ್ಲ.

ಪೋಷಕಾಂಶದಲ್ಲಿ ಜಾಸ್ತಿ ತಪ್ಪಾಗುವುದು ಉಪ್ಪಿನ ಸಾಲಿನಲ್ಲಿ. ನಮ್ಮ ಲೇಬಲ್ ಸೋಡಿಯಂ ಅನ್ನು ಮಿಲಿಗ್ರಾಮಿನಲ್ಲಿ ಹೇಳುತ್ತದೆ, ಯುರೋಪಿನದ್ದು ಉಪ್ಪನ್ನು ಗ್ರಾಮಿನಲ್ಲಿ. 820 ಮಿಲಿಗ್ರಾಂ ಸೋಡಿಯಂ ಅಂದರೆ 0.82 ಗ್ರಾಂ, ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು 2.05 ಗ್ರಾಂ. ಓಪನ್ ಫುಡ್ ಫ್ಯಾಕ್ಟ್ಸಿನಲ್ಲಿ ತುಂಬುವಾಗ ಅಳತೆ ಯಾವುದು ಅಂತ ಆರಿಸುವ ಜಾಗ ಇದೆ, ಅದನ್ನು ಮರೆತರೆ 100 ಗ್ರಾಂ ಚಿಪ್ಸಿನಲ್ಲಿ 820 ಗ್ರಾಂ ಸೋಡಿಯಂ ಬಂದು ಕೂರುತ್ತದೆ. ಹಾಗೇ ಲೇಬಲ್ಲಿನಲ್ಲಿ "100 ಗ್ರಾಮಿಗೆ" ಮತ್ತು "ಒಂದು ಸಲ ತಿನ್ನುವ ಪ್ರಮಾಣಕ್ಕೆ" ಎಂಬ ಎರಡು ಕಾಲಂ ಇದ್ದಾಗ ಹುಡುಗರು ತಪ್ಪು ಕಾಲಂ ನೋಡಿ ತುಂಬುತ್ತಾರೆ. ನಿಮ್ಮ ಫಾರ್ಮಿನಲ್ಲೇ ತಡೆ ಹಾಕಿ: ಪ್ರೋಟೀನು, ಕೊಬ್ಬು, ಕಾರ್ಬೋಹೈಡ್ರೇಟು ಸೇರಿ 100 ಗ್ರಾಂ ಮೀರುವ ಹಾಗಿಲ್ಲ, ಸೇರಿಸಿದ ಸಕ್ಕರೆ ಒಟ್ಟು ಸಕ್ಕರೆಗಿಂತ ಜಾಸ್ತಿ ಇರುವ ಹಾಗಿಲ್ಲ.

ಬೆಲೆ ಮತ್ತು ತೂಕ ನೀವೇ ಇಟ್ಟುಕೊಳ್ಳಬೇಕಾದ ಭಾಗ, ನನ್ನ ಲೆಕ್ಕದಲ್ಲಿ ಅತ್ಯಂತ ಉಪಯೋಗದ್ದೂ ಅದೇ. ಐದು ರೂಪಾಯಿ, ಹತ್ತು ರೂಪಾಯಿ ಪ್ಯಾಕೆಟ್ಟುಗಳ ಬೆಲೆ ಹಾಗೇ ಇರುತ್ತದೆ, ಒಳಗಿನ ಗ್ರಾಂ ಇಳಿಯುತ್ತಾ ಹೋಗುತ್ತದೆ. ಬಾರ್‌ಕೋಡ್ ಒಮ್ಮೊಮ್ಮೆ ಅದೇ ಇರುತ್ತದೆ. ವಸ್ತುವಿನ ಸಾಲಿನಲ್ಲಿ ಹಳೆಯ ತೂಕ ಅಳಿಸಿ ಹೊಸದು ಬರೆದಿರೋ, ಜನರಿಗೆ ತೋರಿಸಬೇಕಾದ ವಿಷಯವನ್ನೇ ನಿಮ್ಮ ಕೈಯಾರೆ ಅಳಿಸಿಬಿಟ್ಟಿರಿ. ಹಾಗಾಗಿ ಅಳಿಸುವ ಅಭ್ಯಾಸವೇ ಬೇಡ. ಪ್ರತಿ ಸಲ ಪ್ಯಾಕೆಟ್ ಕಂಡಾಗ ಹೊಸ ಸಾಲು: ಬಾರ್‌ಕೋಡು, ಕಂಡ ದಿನ, ಯಾವ ಊರಿನ ಯಾವ ಬಗೆಯ ಅಂಗಡಿ, ಎಂಆರ್‌ಪಿ, ಕೊಟ್ಟ ಬೆಲೆ, ನಿವ್ವಳ ತೂಕ, ಲೈಸೆನ್ಸ್ ನಂಬರು, ತಯಾರಾದ ದಿನ, ಫೋಟೋದ ಹೆಸರು, ಬರೆದವರ ಗುರುತು. ಇಷ್ಟು ಸರಿಯಾಗಿ ಇದ್ದರೆ ಮುಂದೆ ಯಾವ ತಂತ್ರಾಂಶಕ್ಕೆ ಬೇಕಾದರೂ ಹೋಗಬಹುದು. ಇದು ಸರಿ ಇಲ್ಲದಿದ್ದರೆ ಎಷ್ಟೇ ದುಬಾರಿ ತಂತ್ರಾಂಶ ತಂದರೂ ಪ್ರಯೋಜನ ಇಲ್ಲ. ಬೆಲೆಗೆಂದೇ ಓಪನ್ ಫುಡ್ ಫ್ಯಾಕ್ಟ್ಸಿನವರದ್ದು ಓಪನ್ ಪ್ರೈಸಸ್ ಎಂಬ ಇನ್ನೊಂದು ಯೋಜನೆಯೂ ಇದೆ, ಬೆಲೆ ಚೀಟಿಯ ಇಲ್ಲವೇ ಬಿಲ್ಲಿನ ಫೋಟೋ ಹಾಕಬೇಕು. ಅದರ ಫಾರ್ಮನ್ನು ನೋಡಿ ಕಲಿಯಿರಿ, ಆದರೆ ನಮ್ಮ ಎಂಆರ್‌ಪಿ ಪದ್ಧತಿ ಮತ್ತು ತೂಕದ ಬದಲಾವಣೆ ನಿಮಗೆ ಮುಖ್ಯ ಆಗಿರುವುದರಿಂದ ನಿಮ್ಮದೇ ದಾಖಲೆ ಬೇಕೇ ಬೇಕು.

ಸಾಧನಗಳಿಗೆ ಬರೋಣ. ಅಂಗಡಿಯಲ್ಲಿ ನಿಂತು ಮಾಹಿತಿ ತುಂಬಲು ಕೋಬೋ ಟೂಲ್‌ಬಾಕ್ಸ್. ಇದು ಹಾರ್ವರ್ಡಿನ ಮಾನವೀಯ ನೆರವಿನ ವಿಭಾಗದಲ್ಲಿ ಬೆಳೆದದ್ದು, ಒಳಗಿನ ತಳಹದಿ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಓಡಿಕೆ (ODK) ಎಂಬ ಮುಕ್ತ ತಂತ್ರಾಂಶ. ಆಂಡ್ರಾಯ್ಡ್ ಫೋನಿನಲ್ಲಿ ನೆಟ್ ಇಲ್ಲದಿದ್ದರೂ ನಡೆಯುತ್ತದೆ, ಮನೆಗೆ ಬಂದು ವೈಫೈ ಸಿಕ್ಕಾಗ ಕಳಿಸಬಹುದು. ಬಾರ್‌ಕೋಡ್ ಹಿಡಿಯುವ ಪ್ರಶ್ನೆ, ಫೋಟೋದ ಪ್ರಶ್ನೆ, ಅಂಕಿಗೆ ಮಿತಿ, ಪ್ರಶ್ನೆಗಳನ್ನು ಕನ್ನಡದಲ್ಲೇ ಬರೆಯುವ ಸೌಲಭ್ಯ, ಎಲ್ಲ ಇದೆ. ಲಾಭಕ್ಕಲ್ಲದ ಸಂಸ್ಥೆಗಳಿಗೆ ಅವರ ಸರ್ವರಿನಲ್ಲೇ ಒಂದು ಮಿತಿಯ ತನಕ ಪುಕ್ಕಟೆ ಜಾಗ ಸಿಗುತ್ತದೆ, ಬೇಕಾದರೆ ನಿಮ್ಮ ಸರ್ವರಿಗೂ ಹಾಕಿಕೊಳ್ಳಬಹುದು. ಶುರುವಿನಲ್ಲಿ ಅವರದ್ದೇ ಬಳಸಿ, ಸರ್ವರ್ ನೋಡಿಕೊಳ್ಳುವ ತಲೆನೋವು ಈಗಲೇ ಬೇಡ.

ತಂದ ಮಾಹಿತಿಯನ್ನು ಒಪ್ಪ ಮಾಡಲು ಓಪನ್ ರಿಫೈನ್ ಎಂಬ ಮುಕ್ತ ತಂತ್ರಾಂಶ. ಒಂದೇ ಅಂಗಡಿಯ ಹೆಸರನ್ನು ನಾಲ್ಕು ಜನ ನಾಲ್ಕು ಥರ ಬರೆದಿದ್ದರೆ ಹತ್ತಿರದ ಹೆಸರುಗಳನ್ನು ಗುಂಪು ಮಾಡಿ ತೋರಿಸುತ್ತದೆ, ಒಂದು ಮಾಡಲೇ ಬೇಡವೇ ಅಂತ ನೀವು ತೀರ್ಮಾನಿಸಬಹುದು, ಮಾಡಿದ ಪ್ರತಿ ಹೆಜ್ಜೆಯೂ ದಾಖಲಾಗುತ್ತದೆ.

ಇಡುವುದು ಎಲ್ಲಿ? ಎಸ್‌ಕ್ಯೂಲೈಟ್. ಇಡೀ ಕಣಜ ಒಂದೇ ಫೈಲು. ಅದನ್ನು ಪೆನ್‌ಡ್ರೈವಿಗೆ ಹಾಕಬಹುದು, ಇನ್ನೊಬ್ಬರಿಗೆ ಕಳಿಸಬಹುದು, ದಿನಾ ರಾತ್ರಿ ಎರಡು ಕಡೆ ನಕಲು ಇಡಬಹುದು. ಅದರ ಕೋಡ್ ಯಾರ ಸ್ವತ್ತೂ ಅಲ್ಲ, ಸಾರ್ವಜನಿಕರದ್ದು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಮಾಹಿತಿಯನ್ನು ದೀರ್ಘಕಾಲ ಕಾಪಾಡಲು ಒಪ್ಪುವ ಫೈಲ್ ಬಗೆಗಳಲ್ಲಿ ಅದೂ ಒಂದು. ಅದರ ಮೇಲೆ ಡೇಟಾಸೆಟ್ (Datasette) ಎಂಬ ಮುಕ್ತ ತಂತ್ರಾಂಶ ಕೂರಿಸಿದರೆ ಜನರು ಬ್ರೌಸರಿನಲ್ಲೇ ಹುಡುಕಬಹುದು, ಜರಡಿ ಹಿಡಿಯಬಹುದು, ಇಳಿಸಿಕೊಳ್ಳಬಹುದು. ಹೊರಗಿನವರಿಗೆ ಓದಲು ಮಾತ್ರ ಅವಕಾಶ, ತಿದ್ದಲು ಆಗುವುದಿಲ್ಲ. ಸರ್ವರಿನಲ್ಲಿ ನಡೆಯುವ ದೊಡ್ಡ ಡೇಟಾಬೇಸ್ ಪೋಸ್ಟ್‌ಗ್ರೆಸ್ ಅದ್ಭುತವಾದ ತಂತ್ರಾಂಶ, ನನಗೆ ಅದರ ಮೇಲೆ ತುಂಬಾ ಗೌರವ ಇದೆ. ಆದರೆ ಹಲವರು ಒಂದೇ ಹೊತ್ತಿಗೆ ಬರೆಯುವ ಕೆಲಸ ಬಂದಾಗ, ಸರ್ವರ್ ನೋಡಿಕೊಳ್ಳುವ ಮನುಷ್ಯ ಸಿಕ್ಕಾಗ ಅದಕ್ಕೆ ಹೋಗಿ. ಬರೆಹಗಳಿಗೆ, ವಿವರಣೆಗಳಿಗೆ ವರ್ಡ್‌ಪ್ರೆಸ್ ಸಾಕು, ನಿಮ್ಮ ಹುಡುಗರಿಗೆ ಗೊತ್ತೇ ಇರುತ್ತದೆ.

ಕನ್ನಡದ ವಿಷಯದಲ್ಲಿ ಮಾತ್ರ ಸ್ವಲ್ಪ ನಿಲ್ಲಬೇಕು, ಹೊರಗಿನ ಯಾವ ಕೈಪಿಡಿಯಲ್ಲೂ ಇದು ಸಿಗುವುದಿಲ್ಲ. ನಿಮ್ಮ ವೇದಿಕೆಯ ಹಳೆಯ ಕರಪತ್ರಗಳು ನುಡಿ ಅಥವಾ ಬರಹ ತಂತ್ರಾಂಶದಲ್ಲಿ ಹಳೆಯ ಫಾಂಟ್ ಸಂಕೇತ ಬಳಸಿ ಟೈಪಾಗಿದ್ದರೆ ಮೊದಲು ಯುನಿಕೋಡಿಗೆ ಪರಿವರ್ತಿಸಿ, ಪರಿವರ್ತಿಸಿದ ಮೇಲೆ ಒಬ್ಬರು ಕೂತು ಒತ್ತಕ್ಷರಗಳನ್ನು ಕಣ್ಣಾರೆ ನೋಡಲಿ. ಯುನಿಕೋಡಿನಲ್ಲೂ ಒಂದು ಸಿಕ್ಕು ಇದೆ. "ಗೋಧಿ" ಬರೆಯುವಾಗ ಗ ಅಕ್ಷರಕ್ಕೆ ಓತ್ವದ ಒಂದೇ ಚಿಹ್ನೆ ಸೇರಿಸಬಹುದು, ಇಲ್ಲವೇ ಎತ್ವ, ಊಕಾರ, ದೀರ್ಘ ಎಂದು ಮೂರು ತುಂಡಾಗಿಯೂ ಸೇರಿಸಬಹುದು. ಪರದೆ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಕಂಪ್ಯೂಟರಿಗೆ ಎರಡೂ ಬೇರೆ. ಒಂದನ್ನು ಹುಡುಕಿದರೆ ಇನ್ನೊಂದು ಸಿಗುವುದಿಲ್ಲ. ಎನ್‌ಎಫ್‌ಸಿ ಎಂಬ ಏಕರೂಪದ ಕ್ರಮಕ್ಕೆ ತಂದ ಮೇಲೆಯೇ ಕಣಜಕ್ಕೆ ಸೇರಿಸಿದರೆ ಇದು ಬಗೆಹರಿಯುತ್ತದೆ. "ಸೂರ್ಯಕಾಂತಿ ಎಣ್ಣೆ"ಯಲ್ಲಿ ಇನ್ನೊಂದು ಥರ. ಅರ್ಕಾವೊತ್ತು ಹಾಕಿ ಬರೆಯುವವರೂ ಇದ್ದಾರೆ, ರ ಅಕ್ಷರವನ್ನು ಪೂರ್ತಿ ಉಳಿಸಿ ಯ ಒತ್ತು ಕೊಡುವವರೂ ಇದ್ದಾರೆ. ಎರಡನೆಯದರಲ್ಲಿ ಕಣ್ಣಿಗೆ ಕಾಣದ ಒಂದು ಜೋಡಿಸುವ ಸಂಕೇತ ಇರುತ್ತದೆ, ಅದನ್ನು ಎನ್‌ಎಫ್‌ಸಿ ತೆಗೆಯುವುದಿಲ್ಲ. ಹಾಗಾಗಿ ಹುಡುಕಾಟಕ್ಕೆಂದು ಒಂದು ಪ್ರತ್ಯೇಕ ಕಾಲಂ ಮಾಡಿ, ಆ ಕಾಣದ ಸಂಕೇತಗಳನ್ನೆಲ್ಲ ತೆಗೆದು ಇಡಿ, ತೋರಿಸುವ ಪಠ್ಯ ಹಾಗೇ ಇರಲಿ. ಪೋಸ್ಟ್‌ಗ್ರೆಸ್ಸಿನ ಪದ ಹುಡುಕಾಟದಲ್ಲಿ ವಿಭಕ್ತಿ ಪ್ರತ್ಯಯ ಕಳಚುವ ವ್ಯವಸ್ಥೆ ಹಿಂದಿಗೆ ಇದೆ, ತಮಿಳಿಗೆ ಇದೆ, ಕನ್ನಡಕ್ಕೆ ಜೊತೆಯಲ್ಲಿ ಬರುವುದಿಲ್ಲ. "ಎಣ್ಣೆ" ಅಂತ ಹುಡುಕಿದವರಿಗೆ "ಎಣ್ಣೆಯಲ್ಲಿ" ಎಂಬುದೂ ಸಿಗಬೇಕಾದರೆ ಪದದ ಶುರುವಿನ ಭಾಗ ಹೊಂದಿಸಿ ಹುಡುಕುವ ಉಪಾಯವನ್ನು ನೀವೇ ಮಾಡಬೇಕು. ಫಾಂಟಿಗೆ ನೋಟೋ ಸಾನ್ಸ್ ಕನ್ನಡ, ಗುಬ್ಬಿ, ನವಿಲು, ಎಲ್ಲ ಮುಕ್ತವಾಗಿ ಸಿಗುತ್ತವೆ.

ಇನ್ನು ಮುಕ್ತ ಎನ್ನುವ ನಿಮ್ಮ ಹಠದ ಬಗ್ಗೆ. ಹಠ ಸರಿಯಾದದ್ದೇ, ಬಿಡಬೇಡಿ. ಆದರೆ ಹೆಸರು ನೋಡಿ ನಂಬಬೇಡಿ, ಹಿಂದೆ ಯಾರಿದ್ದಾರೆ ನೋಡಿ. ಮಾಂಗೋಡಿಬಿ ಎಂಬ ಡೇಟಾಬೇಸ್ 2018ರಲ್ಲಿ ಎಜಿಪಿಎಲ್ ಬಿಟ್ಟು ತನ್ನದೇ ಬಿಗಿಯಾದ ಪರವಾನಗಿಗೆ ಹೋಯಿತು. ಹುಡುಕಾಟದ ತಂತ್ರಾಂಶ ಎಲಾಸ್ಟಿಕ್‌ಸರ್ಚ್ ಕೂಡ 2021ರಲ್ಲಿ ತನ್ನ ಮುಕ್ತ ಪರವಾನಗಿ ಬಿಟ್ಟಿತು, ಅದರಿಂದ ಓಪನ್‌ಸರ್ಚ್ ಎಂಬ ಕವಲು ಹುಟ್ಟಿತು, ಆಮೇಲೆ 2024ರಲ್ಲಿ ಅವರು ಎಜಿಪಿಎಲ್ ಅನ್ನೂ ಸೇರಿಸಿದರು. ರೆಡಿಸ್ ಎಂಬ ಇನ್ನೊಂದು ಡೇಟಾಬೇಸ್ 2024ರಲ್ಲಿ ಪರವಾನಗಿ ಬದಲಾಯಿಸಿತು, ವಾಲ್ಕೀ ಎಂಬ ಕವಲು ಬಂತು. ಈ ಮೂರರಲ್ಲೂ ಯೋಜನೆಯ ಹಿಡಿತ ಒಂದೊಂದು ಕಂಪನಿಯ ಕೈಯಲ್ಲಿತ್ತು. ಪೋಸ್ಟ್‌ಗ್ರೆಸ್ಸಿನಲ್ಲಿ ಹಾಗೆ ಒಬ್ಬ ಯಜಮಾನ ಇಲ್ಲ. ನಿಮ್ಮಂಥ ಚಿಕ್ಕ ವೇದಿಕೆಗೆ ಇಂಥ ಬದಲಾವಣೆಯಿಂದ ಮರುದಿನವೇ ಏಟು ಬೀಳುವುದಿಲ್ಲ, ಆದರೆ ಐದು ವರ್ಷ ನಡೆಯಬೇಕಾದ ಕೆಲಸಕ್ಕೆ ಆರಿಸುವಾಗ ಇದನ್ನು ಕೇಳಲೇಬೇಕು. ಇನ್ನೊಂದು ಪ್ರಶ್ನೆ ಇನ್ನೂ ಮುಖ್ಯ: ಇವತ್ತು ರಾತ್ರಿ ಯಾರನ್ನೂ ಕೇಳದೆ ನಮ್ಮ ಎಲ್ಲ ಮಾಹಿತಿ, ಫೋಟೋ ಸಮೇತ, ಹೊರಗೆ ತೆಗೆಯಬಹುದಾ? ಅದಕ್ಕೆ ಹೌದು ಎಂಬ ಉತ್ತರ ಬರದ ಯಾವ ವ್ಯವಸ್ಥೆಯೂ ಬೇಡ.

ಮಾಹಿತಿಯ ಪರವಾನಗಿ ಕೂಡ ಓದಿಕೊಳ್ಳಿ, ವಕೀಲರು ಇದ್ದಾರಲ್ಲ. ಓಡಿಬಿಎಲ್ ಹೇಳುವುದು ಇಷ್ಟು: ಅವರ ಕಣಜದಿಂದ ತೆಗೆದು, ನಿಮ್ಮದನ್ನು ಬೆರೆಸಿ ಹೊಸ ಕಣಜವಾಗಿ ಹೊರಗೆ ಬಿಟ್ಟರೆ ಅದನ್ನೂ ಅದೇ ಷರತ್ತಿನಲ್ಲಿ ಬಿಡಬೇಕು. ಲೇಖನ, ಪೋಸ್ಟರ್, ಚಾರ್ಟ್ ಮಾಡಿದರೆ ಎಲ್ಲಿಂದ ಬಂದದ್ದು ಅಂತ ಹೇಳಿದರೆ ಸಾಕು. ಹಾಗಾಗಿ ಬೆಲೆಯ ದಾಖಲೆಯನ್ನು ಬೇರೆ ಕೋಷ್ಟಕದಲ್ಲಿ ಇಟ್ಟು, ಬಾರ್‌ಕೋಡ್ ಒಂದರಿಂದಲೇ ಜೋಡಿಸಿ, ಎಲ್ಲಿಂದ ಯಾವುದು ಬಂತು ಅಂತ ಸ್ಪಷ್ಟವಾಗಿರುತ್ತದೆ. ಸರ್ಕಾರದ ದತ್ತಾಂಶಕ್ಕೆ 2017ರ ಮುಕ್ತ ದತ್ತಾಂಶ ಪರವಾನಗಿ ಇದೆ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ದಿನನಿತ್ಯದ ವಸ್ತುಗಳ ಬೆಲೆ ಸಂಗ್ರಹಿಸುತ್ತದೆ, 2024ರಲ್ಲಿ ಆ ಪಟ್ಟಿ 22ರಿಂದ 38 ವಸ್ತುಗಳಿಗೆ ಏರಿತು. ಅಕ್ಕಿ, ಬೇಳೆ, ಎಣ್ಣೆಗೆ ಅದನ್ನು ಹೋಲಿಕೆಗೆ ಇಟ್ಟುಕೊಳ್ಳಿ. ಎಪಿಎಂಸಿ ಧಾರಣೆಯನ್ನು ಅಂಗಡಿ ಬೆಲೆಯ ಪಕ್ಕ ಹಾಕುವಾಗ ಹುಷಾರು, ಒಂದು ಕ್ವಿಂಟಾಲಿನ ಸಗಟು ಬೆಲೆ, ಇನ್ನೊಂದು ಕಿಲೋ ಚಿಲ್ಲರೆ ಬೆಲೆ.

ದೂರುಗಳು. ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ದೂರಿನಲ್ಲಿ ಹೆಸರು, ಫೋನ್ ನಂಬರು, ಬಿಲ್ಲು, ಕೆಲವೊಮ್ಮೆ ಕಾಯಿಲೆಯ ವಿವರ ಇರುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆ ಮತ್ತು ಉದ್ದೇಶದ ಬಗ್ಗೆ ಹೊಣೆ ಹೊರಿಸುತ್ತದೆ. ಕಾಯ್ದೆ ಇಲ್ಲದಿದ್ದರೂ, ನಿಮ್ಮನ್ನು ನಂಬಿ ಬಂದವರ ಹೆಸರನ್ನು ಎಲ್ಲರೂ ಇಳಿಸಿಕೊಳ್ಳುವ ಫೈಲಿನ ಪಕ್ಕದಲ್ಲಿ ಇಡುವುದು ಸರಿಯಲ್ಲ. ಒಂದು ತಪ್ಪು ಕ್ಲಿಕ್ ಸಾಕು, ಎಲ್ಲ ಬೀದಿಗೆ ಬರುತ್ತದೆ. ಬೇರೆ ವ್ಯವಸ್ಥೆ, ಬೇರೆ ಪಾಸ್‌ವರ್ಡ್, ಇಬ್ಬರು ವಕೀಲರಿಗೆ ಮಾತ್ರ ಪ್ರವೇಶ. ಹೆಚ್ಚಿನ ದೂರುಗಳಿಗೆ 1915 ಗ್ರಾಹಕ ಸಹಾಯವಾಣಿಗೆ ಹೇಗೆ ಕರೆ ಮಾಡಬೇಕು, ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೇಗೆ ಹೋಗಬೇಕು ಅಂತ ತಿಳಿಸಿಕೊಟ್ಟರೆ ನೀವು ಅವರ ವಿವರ ಇಟ್ಟುಕೊಳ್ಳುವ ಅಗತ್ಯವೇ ಬೀಳುವುದಿಲ್ಲ. ಪ್ಯಾಕೆಟ್ ಫೋಟೋಗಳಲ್ಲೂ ಗಮನ ಇರಲಿ, ಫೋಟೋ ಫೈಲಿನೊಳಗೆ ತೆಗೆದ ಜಾಗದ ಗುರುತು ಇರಬಹುದು, ಹಿಂದೆ ಯಾರದ್ದೋ ಮುಖ ಇರಬಹುದು. ಹೊರಗೆ ಬಿಡುವ ಮುಂಚೆ ತೆಗೆದುಬಿಡಿ.

ಕಂಪನಿಯ ನೋಟಿಸ್ ಬರುವ ಸಾಧ್ಯತೆಯೂ ಇದೆ. 2023ರಲ್ಲಿ ಮಕ್ಕಳ ಪಾನೀಯವೊಂದರ ಸಕ್ಕರೆ ಬಗ್ಗೆ ವಿಡಿಯೋ ಮಾಡಿದ ಯುವಕರೊಬ್ಬರು ಕಾನೂನು ನೋಟಿಸ್ ಬಂದ ಮೇಲೆ ಅದನ್ನು ತೆಗೆಯಬೇಕಾಯಿತು, ದೇಶವೆಲ್ಲ ಸುದ್ದಿಯಾಯಿತು. ನಿಮ್ಮ ಪುಟದಲ್ಲಿ ಲೇಬಲ್ ಏನು ಹೇಳುತ್ತದೋ ಅದು ಒಂದು ಕಡೆ, ನಿಮ್ಮ ವಿವರಣೆ ಇನ್ನೊಂದು ಕಡೆ ಇರಲಿ, ಎರಡೂ ಬೆರೆಯದಿರಲಿ. ಪ್ರತಿ ಅಂಕಿಯ ಪಕ್ಕ ಫೋಟೋ ಮತ್ತು ದಿನಾಂಕ. "ಈ ದಿನ ಈ ಊರಲ್ಲಿ ಕೊಂಡ ಪ್ಯಾಕೆಟ್ ಮೇಲೆ ಹೀಗೆ ಇತ್ತು" ಎಂದು ತೋರಿಸುವ ಶಕ್ತಿ ಇದ್ದರೆ ವಕೀಲರಿಗೆ ಮಾತಾಡಲು ನೆಲ ಸಿಗುತ್ತದೆ.

ಆಪ್ ಮಾಡಿಕೊಡುತ್ತೇನೆ ಅಂದವರಿಗೆ ಈಗಲೇ ಇಲ್ಲ ಅನ್ನಬೇಡಿ, ಒಂದು ವರ್ಷ ತಡೆಯಲು ಹೇಳಿ. ಆ ಹೊತ್ತಿಗೆ ಏನು ಬೇಕು ಅಂತ ನಿಮಗೇ ಗೊತ್ತಾಗಿರುತ್ತದೆ. ಆಗ ಮಾತುಕತೆಯಲ್ಲಿ ಬರೆಸಿಕೊಳ್ಳಿ: ಕೋಡ್ ಮುಕ್ತ ಪರವಾನಗಿಯಲ್ಲಿ, ನಿಮ್ಮ ಖಾತೆಯಲ್ಲೇ ಇರಬೇಕು; ಡೊಮೇನ್ ಹೆಸರು ಮತ್ತು ಸರ್ವರ್ ವೇದಿಕೆಯ ಹೆಸರಿನಲ್ಲಿರಬೇಕು, ಮಾಡಿಕೊಟ್ಟವರ ಹೆಸರಿನಲ್ಲಲ್ಲ; ಮೂರನೆಯವರು ಬಂದು ಓದಿ ನಡೆಸುವಷ್ಟು ವಿವರ ಬರೆದಿಟ್ಟಿರಬೇಕು. ಸದ್ಯಕ್ಕೆ ಇರುವ ದುಡ್ಡಿನಲ್ಲಿ ಒಳ್ಳೆಯ ಕ್ಯಾಮೆರಾ ಇರುವ ಎರಡು ಫೋನು, ಡೊಮೇನು, ಚಿಕ್ಕ ಸರ್ವರು, ಉಳಿದದ್ದರಲ್ಲಿ ತುಂಬಿದ್ದನ್ನು ಫೋಟೋ ಜೊತೆ ತಾಳೆ ನೋಡುವ ಒಬ್ಬರಿಗೆ ಗೌರವಧನ. ಈ ತಾಳೆ ನೋಡುವ ಕೆಲಸಕ್ಕೆ ಸಂಬಳ ಕೊಡಲು ಹಿಂದೆಮುಂದೆ ನೋಡಬೇಡಿ, ಬಿಡುವಿನಲ್ಲಿ ಬರುವವರಿಂದ ದಿನವೂ ಅದು ಆಗುವುದಿಲ್ಲ.

ಶುರು ಮಾಡುವುದು ಬಿಸ್ಕತ್ತಿನಿಂದ ಒಳ್ಳೆಯದು. ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ಎಲ್ಲ ಮನೆಗೂ ಹೋಗುತ್ತದೆ, ಐದು ಹತ್ತು ರೂಪಾಯಿಯ ಪ್ಯಾಕೆಟ್ಟುಗಳೇ ಜಾಸ್ತಿ ಆದ್ದರಿಂದ ತೂಕದ ಬದಲಾವಣೆ ಬೇಗ ಕಾಣುತ್ತದೆ. ಪೇಟೆಯ ದೊಡ್ಡ ಅಂಗಡಿ ಒಂದು, ಹಳ್ಳಿಯ ಚಿಲ್ಲರೆ ಅಂಗಡಿ ಒಂದು ಆರಿಸಿ, ಅಂಗಡಿಯವರಿಗೆ ಏನು ಮಾಡುತ್ತಿದ್ದೀರಿ ಅಂತ ಮೊದಲೇ ಹೇಳಿ. ಪ್ರತಿ ತಿಂಗಳು ಅದೇ ವಾರ ಅದೇ ವಸ್ತುಗಳನ್ನು ಮತ್ತೆ ನೋಡಿ. ಕೋಬೋ ಫಾರ್ಮ್ ಮಾಡುವಾಗ ಎಲ್ಲಾದರೂ ಸಿಕ್ಕಿಕೊಂಡರೆ ಆ ಫಾರ್ಮಿನ ಫೈಲನ್ನೇ ಕಳಿಸಿ, ನೋಡಿ ತಿದ್ದಿ ಕೊಡುತ್ತೇನೆ.